ತಾರಸಿಗೆ ಹಾಕಿದ ಕರಲು

ಚಳ್ಳಕೆರೆ
14-6-1999

ಉಚ್ಚಂಗೆಮ್ಮ ಟೀಚರ್ ಅವರಿಗೆ ಯತ್ತಪ್ಪ ಮಾಡುವ ನಮಸ್ಕಾರಗಳು.

ನನ್ನನ್ನು ಮರೆತಿರಲಿಕ್ಕಿಲ್ಲ. ಹನ್ನೊಂದು ವರ್ಷದ ಹಿಂದೆ ಪಾವಗಡ ರಸ್ತೆಯಲ್ಲಿ ನಿಮ್ಮ ಮನೆ ಕಟ್ಟಿದ ಕಂಟ್ರಾಕ್ಟರ್ ನಾನೇ. ಅಡುಗೆಮನೆ ಕಿಟಕಿ ಎರಡು ಇಂಚು ಕೆಳಗಾಯಿತು ಅಂತ ನೀವು ಗೋಡೆ ಒಡೆಸಿ ಮತ್ತೆ ಕಟ್ಟಿಸಿದ್ದನ್ನು ನಾನಂತೂ ಮರೆತಿಲ್ಲ.

ವಿಷಯಕ್ಕೆ ಬರುತ್ತೇನೆ. ನಾನು ಕಂಟ್ರಾಕ್ಟ್ ಕೆಲಸ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಟೆಂಡರ್ ಯಾರಿಗೆ ಸಿಗಬೇಕು ಅಂತ ಮೊದಲೇ ತೀರ್ಮಾನವಾಗಿರುವ ಆಫೀಸುಗಳಲ್ಲಿ ಕೈಕಟ್ಟಿ ನಿಂತು ನಿಂತು ಸಾಕಾಯಿತು. ಇನ್ನು ಮುಂದೆ ಹೊಸ ಮನೆ ಕಟ್ಟುವುದಿಲ್ಲ, ಕಟ್ಟಿದ ಮನೆಗಳನ್ನು ನೋಡಿಕೊಳ್ಳುತ್ತೇನೆ. ಈ ಊರಲ್ಲಿ ಆಸೆಪಟ್ಟು ಮನೆ ಕಟ್ಟಿಸಿ, ವರ್ಗವಾಗಿ ಬೇರೆ ಊರಿಗೆ ಹೋದ ನೌಕರರು ಎಷ್ಟೋ ಜನ ಇದ್ದಾರೆ. ಮನೆಗಳು ಬೀಗ ಹಾಕಿಕೊಂಡು ಕೂತಿವೆ. ಬಾಡಿಗೆದಾರರನ್ನು ಹುಡುಕುವುದು, ಬಾಡಿಗೆ ವಸೂಲು ಮಾಡಿ ಕಳಿಸುವುದು, ನಲ್ಲಿ ಸೋರಿದರೆ, ಗೋಡೆ ಬಿರಿದರೆ ರಿಪೇರಿ ಮಾಡಿಸುವುದು, ಎಲ್ಲ ನನ್ನ ಜವಾಬ್ದಾರಿ. ಬಾಡಿಗೆಯಲ್ಲಿ ಹತ್ತನೇ ಒಂದು ಪಾಲು ನನಗೆ. ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದು ‘ಯತ್ತಪ್ಪ, ಮನೆ ಉಸ್ತುವಾರಿ’ ಅಂತ ಬೋರ್ಡು ಬರೆಸಿದ್ದೇನೆ.

ಊರು ನಗುತ್ತಿದೆ, ನಗಲಿ. ಇಪ್ಪತ್ತು ವರ್ಷ ನನ್ನ ಜೊತೆ ಸ್ಲ್ಯಾಬಿಗೆ ಹಲಗೆ ಹೊಡೆಯುವ ಸೆಂಟ್ರಿಂಗ್ ಕೆಲಸ ಮಾಡಿದ ಹನುಮಣ್ಣನೇ ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಕೇಳಿದ: “ಏನಲೇ ಯತ್ತ, ಕಂಟ್ರಾಕ್ಟರ್ ಆಗಿದ್ದೋನು ಕಂಡೋರ ಮನೆ ಬೀಗ ಕಾಯಾಕೆ ಹೊಂಟೀಯಾ?” ನಾನು ಸುಮ್ಮನಿರಲಿಲ್ಲ. “ಹೂಂ ಕಣಲೇ, ನಾನು ಕಟ್ಟಿದ ಮನೆ ನಾನು ಕಾಯದೆ ನೀನು ಕಾಯ್ತೀಯಾ?” ಅಂದೆ.

ಹಿಂದಿನ ಬಾಡಿಗೆಯವರು ಬಿಟ್ಟುಹೋಗಿ ನಿಮ್ಮ ಮನೆಗೆ ಬೀಗ ಬಿದ್ದು ಒಂದೂವರೆ ವರ್ಷವಾಯಿತು. ಅಂಗಳದಲ್ಲಿ ಜಾಲಿ ಎದ್ದಿದೆ. ಆ ಮನೆಯ ಪೈಪು ಎಲ್ಲಿ ತಿರುಗುತ್ತದೆ, ವೈರು ಎಲ್ಲಿ ಇಳಿಯುತ್ತದೆ ಅಂತ ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಕೀಲಿ ಕಳಿಸಿಕೊಡಿ.

ಇಂತಿ,
ಯತ್ತಪ್ಪ

•

ಮೊಳಕಾಲ್ಮೂರು
27-6-1999

ಯತ್ತಪ್ಪನವರಿಗೆ,

ಪತ್ರ ತಲುಪಿತು. ಕಿಟಕಿ ಕೆಳಗಾಗಿದ್ದು ಎರಡಲ್ಲ, ಮೂರು ಇಂಚು.

ನಿಮ್ಮ ಕೆಲಸ ನನಗೆ ಹೊಸದಾಗಿ ಕೇಳಿಸಿತು. ಕಟ್ಟಿಸಿಕೊಂಡವರು ಕರೆದರೂ ಆ ಕಡೆ ತಲೆ ಹಾಕದ ಕಂಟ್ರಾಕ್ಟರುಗಳನ್ನು ನೋಡಿದ್ದೇನೆ. ಕರೆಯದೆ ಬರುವವರನ್ನು ಈಗಲೇ ನೋಡುತ್ತಿರುವುದು. ಇಲ್ಲಿ ನನ್ನ ಮೈದುನ ಚಿಕ್ಕಬಸಪ್ಪ ನಿಮ್ಮ ಕಾಗದ ಓದಿ, “ಅತ್ತಿಗೆ, ಅವನಿಗೇನೋ ಆಸೆ ಐತೆ, ಕೀಲಿ ಕೊಡ್ಬೇಡ್ರಿ” ಎಂದ. ಅವನು ಬೇಡ ಎಂದಿದ್ದರಿಂದಲೇ ಕೊಡಬೇಕು ಅನ್ನಿಸಿತು. ಆ ಮನೆ ನನ್ನ ಸಂಬಳದಲ್ಲಿ ಕಟ್ಟಿದ್ದು. ನನ್ನ ಯಜಮಾನರು ತೀರಿಕೊಂಡ ಎರಡನೇ ವರ್ಷ, ಹೆಂಗಸೊಬ್ಬಳಿಗೆ ಮನೆ ಯಾಕೆ ಎಂದು ಇವರೆಲ್ಲ ಕೂತು ಮಾತಾಡುತ್ತಿದ್ದಾಗ ನಾನು ಪಾಯ ತೆಗೆಸಿದೆ. ಅಲ್ಲಿ ಹೆಚ್ಚು ದಿನ ಇರಲು ವರ್ಗ ಬಿಡಲಿಲ್ಲ ಎಂಬುದು ಬೇರೆ ಮಾತು.

ಷರತ್ತುಗಳಿವೆ. ಕುಡಿಯುವವರಿಗೆ ಮನೆ ಕೊಡಕೂಡದು. ಗೋಡೆಗೆ ಸಿಕ್ಕಸಿಕ್ಕಲ್ಲಿ ಮೊಳೆ ಹೊಡೆಯಕೂಡದು. ಮನೆಗೆ ಏನೇ ಆದರೂ ನನಗೆ ಮೊದಲು ತಿಳಿಯಬೇಕು, ಬೇರೆಯವರ ಬಾಯಿಂದ ಅಲ್ಲ.

ಕೀಲಿಯನ್ನು ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ್ದೇನೆ.

ಉಚ್ಚಂಗೆಮ್ಮ

•

ಚಳ್ಳಕೆರೆ
2-8-1999

ಟೀಚರಮ್ಮನವರಿಗೆ ನಮಸ್ಕಾರ.

ನಿಮ್ಮ ಮನೆಗೆ ದೀಪ ಬಂತು. ಜೋಗಮ್ಮ ಅಂತ, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುವವರು. ದೇವಸಮುದ್ರದ ಕಡೆಯವರು. ಗಂಡ ಬಿಟ್ಟು ಹೋಗಿದ್ದಾನೆ, ಇಬ್ಬರು ಹೆಣ್ಣುಮಕ್ಕಳು ಹೈಸ್ಕೂಲು ಓದುತ್ತಿದ್ದಾರೆ. ಗಂಡಸಿಲ್ಲದ ಮನೆ ಅಂತ ಮೂರು ಕಡೆ ಬಾಡಿಗೆಗೆ ಕೊಡಲಿಲ್ಲವಂತೆ. ನಾನು ಕೊಟ್ಟೆ. ನಿಮ್ಮ ಷರತ್ತಿನಲ್ಲಿ ಗಂಡಸು ಇರಲೇಬೇಕು ಅಂತ ಇರಲಿಲ್ಲವಲ್ಲ. ಬಂದ ದಿನವೇ ಅಂಗಳದ ಜಾಲಿ ಕಿತ್ತು, ಬಾಗಿಲಿಗೆ ರಂಗೋಲಿ ಹಾಕಿದರು.

ನಾನು ಮನೆಯನ್ನು ಮೂಲೆಮೂಲೆ ನೋಡಿದೆ. ಗಟ್ಟಿಯಾಗಿದೆ. ತಾರಸಿಯ ಮೇಲೆ ಆಗ ಹಾಕಿಸಿದ್ದ ಕರಲು ತೆಳ್ಳಗಾಗಿತ್ತು. ಎರಡು ಗಾಡಿ ಹೊಸ ಕರಲು ತರಿಸಿ ಹೊಡೆಸಿದ್ದೇನೆ, ಇದಕ್ಕೆ ನಿಮ್ಮಿಂದ ಏನೂ ಬೇಡ. ನಮ್ಮಪ್ಪ ನಮ್ಮೂರು ನನ್ನಿವಾಳದಲ್ಲಿ ಮಣ್ಣಿನ ಮಾಳಿಗೆ ಮನೆಗಳಿಗೆ ವರ್ಷವರ್ಷ ಈ ಬಿಳಿ ಉಪ್ಪುಮಣ್ಣು ಹೊಡೆಯುತ್ತಿದ್ದರು. ಅವರು ಹೊಡೆದ ಮಾಳಿಗೆಯಲ್ಲಿ ಒಂದು ಹನಿ ಸೋರಿದ್ದಿಲ್ಲ. ಸಿಮೆಂಟ್ ಸ್ಲ್ಯಾಬಿಗೂ ಮೇಲೆ ಕರಲು ಹಾಕಿದರೆ ಮನೆ ತಂಪು ಅಂತ ಈ ಊರಲ್ಲಿ ಮೊದಲು ಮಾಡಿದವನು ನಾನು. ಹನ್ನೊಂದು ಮನೆಗೆ ಮಾಡಿದ್ದೇನೆ. ಇಂಜಿನಿಯರುಗಳು ಪುಸ್ತಕ ನೋಡಿ ಮನೆ ಕಟ್ಟುತ್ತಾರೆ, ನಾವು ಬಿಸಿಲು ನೋಡಿ ಕಟ್ಟಿದವರು.

ಉಸ್ತುವಾರಿಗೆ ಈಗ ಐದು ಮನೆ ಬಂದಿವೆ. ಹನುಮಣ್ಣನ ನಗು ಸ್ವಲ್ಪ ಕಡಿಮೆಯಾಗಿದೆ. ನನ್ನ ಹೆಂಡತಿ ಕ್ಯಾತಮ್ಮ ಮಾತ್ರ, “ಐದು ಮನೆ ಕಸ ನೋಡ್ತೀಯಾ, ನಮ್ಮನೆ ಬಚ್ಚಲು ಕಟ್ಕಂಡು ತಿಂಗಳಾತು” ಅನ್ನುತ್ತಾಳೆ.

ಇಂತಿ,
ಯತ್ತಪ್ಪ

•

ಮೊಳಕಾಲ್ಮೂರು
10-10-1999

ಯತ್ತಪ್ಪನವರಿಗೆ,

ಎರಡು ತಿಂಗಳಿಂದ ನಿಮ್ಮ ಕಾಗದವಿಲ್ಲ. ನನ್ನ ಮನೆಯ ಸುದ್ದಿ ಪಕ್ಕದ ಮನೆಯವರಿಂದ ತಿಳಿಯುವ ಹಾಗಾಯಿತು. ಅಡುಗೆಮನೆಯ ಸೂರಿನಿಂದ ಗಾರೆ ಕಳಚಿ ಬೀಳುತ್ತಿದೆಯಂತೆ. ನೀವು ತಂದಿಟ್ಟ ಜೋಗಮ್ಮ ತಾರಸಿಯ ಮೇಲೆ ಒರಳು ಇಟ್ಟುಕೊಂಡು ಹಾಸ್ಟೆಲಿಗೆಲ್ಲ ಖಾರದಪುಡಿ ಕುಟ್ಟಿ ಕೊಡುತ್ತಾಳಂತೆ. ಸ್ಲ್ಯಾಬಿನ ಮೇಲೆ ಹಾರೆಯಷ್ಟು ಭಾರದ ಒನಕೆ ಎತ್ತಿ ಹಾಕಿದರೆ ಕೆಳಗೆ ಏನಾಗುತ್ತದೆ ಎಂದು ಕಂಟ್ರಾಕ್ಟರಿಗೆ ಹೇಳಿಕೊಡಬೇಕೇ?

ನಾನು ದಯೆ ಇಲ್ಲದವಳಲ್ಲ. ಗಂಡನಿಲ್ಲದ ಹೆಂಗಸಿನ ಕಷ್ಟ ನನಗೂ ಗೊತ್ತು. ಆದರೆ ನನ್ನ ಮನೆ ಕುಟ್ಟಿ ಬೀಳಿಸುವ ಹಕ್ಕು ಆ ಕಷ್ಟಕ್ಕೆ ಇಲ್ಲ. ದೀಪಾವಳಿಯೊಳಗೆ ಅವರು ಮನೆ ಖಾಲಿ ಮಾಡಬೇಕು.

ಉಚ್ಚಂಗೆಮ್ಮ

•

ಚಳ್ಳಕೆರೆ
19-10-1999

ಟೀಚರಮ್ಮನವರಿಗೆ,

ಕಾಗದ ಬಂತು. ಸೆಪ್ಟೆಂಬರ್ ಮಳೆ ಜೋರಾಗಿತ್ತು, ಓಡಾಟದಲ್ಲಿ ಬರೆಯಲಾಗಲಿಲ್ಲ.

ಗಾರೆ ಬಿದ್ದಿರುವುದು ನಿಜ, ಸ್ವಲ್ಪ ಮಾತ್ರ. ಜೋಗಮ್ಮ ತಾರಸಿಯ ಮೇಲೆ ಖಾರ ಕುಟ್ಟುವುದೂ ನಿಜ. ಒರಳು ಕೆಳಗಿಳಿಸಿದ್ದೇನೆ. ಸೂರಿಗೆ ತೇಪೆ ಹಾಕಿಸುತ್ತೇನೆ. ಮಕ್ಕಳ ಪರೀಕ್ಷೆ ಹತ್ತಿರ ಬಂದಿದೆ, ಖಾಲಿ ಮಾಡಿಸಲು ಸ್ವಲ್ಪ ಸಮಯ ಕೊಡಿ.

ಯತ್ತಪ್ಪ

•

ಮೊಳಕಾಲ್ಮೂರು
15-11-1999

ಯತ್ತಪ್ಪನವರಿಗೆ,

ದೀಪಾವಳಿ ಮುಗಿದು ವಾರವಾಯಿತು. ಜೋಗಮ್ಮ ಇನ್ನೂ ಅಲ್ಲೇ ಇದ್ದಾರೆ. ತಿಂಗಳ ಕೊನೆಯೊಳಗೆ ಹೊರಡಲೇಬೇಕು, ಇನ್ನು ಮಾತಿಲ್ಲ.

ಬರುವ ಗುರುವಾರ ಚಿಕ್ಕಬಸಪ್ಪ ಚಳ್ಳಕೆರೆಗೆ ಬರುತ್ತಾನೆ. ಜೊತೆಯಲ್ಲಿ ಪರಿಚಯದವರೊಬ್ಬರು ಇರುತ್ತಾರೆ. ಅವರು ಮನೆ ನೋಡಬೇಕಂತೆ. ತೋರಿಸಿ. ಬೇರೆ ವಿಶೇಷವೇನೂ ಇಲ್ಲ.

ಉಚ್ಚಂಗೆಮ್ಮ

•

ಚಳ್ಳಕೆರೆ
28-11-1999

ಟೀಚರಮ್ಮನವರಿಗೆ,

ವಿಶೇಷವೇನೂ ಇಲ್ಲ ಅಂತ ಬರೆದಿದ್ದಿರಿ. ಪರಿಚಯದವರು ಟೇಪು ಹಿಡಿದುಕೊಂಡು ಬಂದಿದ್ದರು. ಮನೆ ನೋಡಲು ಬರುವವರು ಕೋಣೆಕೋಣೆ ಅಳೆಯುವುದಿಲ್ಲ, ಕೊಳ್ಳುವವರು ಅಳೆಯುತ್ತಾರೆ. ನೀವು ಮನೆ ಮಾರುತ್ತಿದ್ದೀರಿ. ಅದಕ್ಕೇ ಜೋಗಮ್ಮ ಹೋಗಬೇಕಾಗಿತ್ತು, ಖಾರದಪುಡಿಗಲ್ಲ.

ನೀವು ಮುಚ್ಚಿಟ್ಟಿರಿ ಅಂತ ನಿಮ್ಮ ಮೇಲೆ ಹಾರಾಡುವ ಯೋಗ್ಯತೆ ನನಗಿಲ್ಲ. ನಾನು ಮುಚ್ಚಿಟ್ಟಿದ್ದು ಇನ್ನೂ ದೊಡ್ಡದು. ಕೂತುಕೊಂಡು ಓದಿ.

ಅಕ್ಟೋಬರಿನಲ್ಲಿ ನಿಮ್ಮ ಕಾಗದ ಬಂದ ದಿನವೇ ಹೋಗಿ ಅಡುಗೆಮನೆ ಸೂರು ಸುತ್ತಿಗೆಯಿಂದ ತಟ್ಟಿ ನೋಡಿದೆ. ಗಾರೆಯ ಜೊತೆ ಸ್ಲ್ಯಾಬಿನ ಸಿಮೆಂಟೂ ಕೈಯಗಲ ಕಳಚಿ ಬಂತು. ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ ಪದರಪದರವಾಗಿ ಉದುರುತ್ತಿತ್ತು. ಒನಕೆ ಪೆಟ್ಟಿಗೆ ಕಂಬಿ ತುಕ್ಕು ಹಿಡಿಯುವುದಿಲ್ಲ, ಅದು ಅಲ್ಲೇ ಗೊತ್ತಾಯಿತು. ಗಾಂಧಿನಗರದಲ್ಲಿ ನಾನು ಕಟ್ಟಿದ ಇನ್ನೊಂದು ಮನೆಗೆ ಓಡಿದೆ. ಅಲ್ಲೂ ಅದೇ. ಆಮೇಲೆ, ಆ ಸಾಲಿನಲ್ಲೇ ನಾನು ಕಟ್ಟಿದ, ಕರಲು ಸಾಲದೆ ಹೋಗಿ ತಾರಸಿಗೆ ಹಾಕದೆ ಬಿಟ್ಟಿದ್ದ ಎರಡು ಮನೆ ನೋಡಿದೆ. ಅವುಗಳ ಸ್ಲ್ಯಾಬ್ ಇವತ್ತಿಗೂ ಗಟ್ಟಿಯಾಗಿದೆ. ಅಲ್ಲಿಗೆ ಇದು ಕರಲಿನದೇ ಕೆಲಸ ಅಂತ ಖಾತ್ರಿಯಾಯಿತು.

ಮಣ್ಣಿನ ಮಾಳಿಗೆಯಲ್ಲಿ ಇದ್ದದ್ದು ಮರದ ತೊಲೆ, ಜಂತೆ. ಅದಕ್ಕೆ ಕರಲು ಒಳ್ಳೆಯದೇ. ಸ್ಲ್ಯಾಬಿನಲ್ಲಿ ಇರುವುದು ಕಬ್ಬಿಣ. ಉಪ್ಪುಮಣ್ಣು ಹೊತ್ತು, ಮಳೆ ಬಂದಾಗಲೆಲ್ಲ ಆ ಉಪ್ಪುನೀರು ಕುಡಿದು ಕಂಬಿ ಸವೆದುಹೋಗಿದೆ. ನಮ್ಮಪ್ಪನ ವಿದ್ಯೆ ನನಗೆ ಗೊತ್ತಿತ್ತು, ಅದು ಎಲ್ಲಿಗೆ ಹೊಂದುತ್ತದೆ ಅನ್ನುವುದು ಗೊತ್ತಿರಲಿಲ್ಲ. ಆಗಸ್ಟಿನಲ್ಲಿ ಮತ್ತೆರಡು ಗಾಡಿ ಹೊಡೆಸಿ ನಿಮ್ಮ ಮುಂದೆ ಬಡಾಯಿ ಕೊಚ್ಚಿಕೊಂಡವನೂ ನಾನೇ.

ಇಷ್ಟು ಗೊತ್ತಾದ ಮೇಲೂ ಜೋಗಮ್ಮನ ಒರಳಿನ ಮೇಲೆ ತಪ್ಪು ಹಾಕಿ ನಿಮಗೆ ಕಾಗದ ಬರೆದೆ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯ ಬರುತ್ತದೆ. ಒರಳು ಇಳಿಸುವಾಗ ಆಕೆಯೂ ಒಂದು ಕೈ ಹಿಡಿದರು. “ನಂದೇ ತಪ್ಪಿರಬೌದು ಬಿಡಣ್ಣ, ನಮಗೆ ಆಸರೆ ಕೊಟ್ಟೋರಿಗೆ ನಷ್ಟ ಆಗಬಾರ್ದು” ಅಂದರು.

ಗುರುವಾರ ಹನುಮಣ್ಣ ಬೆಳಿಗ್ಗೆಯೇ ಬಂದು ಬುದ್ಧಿ ಹೇಳಿದ: “ಲೇ, ಮುಚ್ಕಂಡಿರು. ಆಯಮ್ಮ ಮಾರ್ಕಂತಾಳೆ, ತಗಂಡೋನು ಒಡ್ದು ಹೊಸದು ಕಟ್ತಾನೆ. ನಿನ್ನ ಹೆಸರು ಉಳೀತೈತೆ.” ಸರಿಯಾದ ಲೆಕ್ಕವೇ. ನನ್ನ ಹತ್ತಿರ ಇಟ್ಟುಕೊಂಡಿದ್ದ ಎರಡನೇ ಕೀಲಿ ಕೈಲಿ ಹಿಡಿದು ನಾನೂ ಹಾಗೇ ಅಂದುಕೊಂಡು ಹೋದೆ. ಚಿಕ್ಕಬಸಪ್ಪನವರು ಗೋಡೆ ತಟ್ಟಿ, “ಯತ್ತಪ್ಪ ಕಟ್ಟಿದ್ದು, ಕಬ್ಬಿಣ ಇದ್ದಂಗೆ ಐತೆ” ಅಂದರು. ಕೊಳ್ಳುವವರು ನನ್ನ ಮುಖ ನೋಡಿದರು. ಬಾಗಿಲಲ್ಲಿ ಜೋಗಮ್ಮ ಗಂಟು ಕಟ್ಟಿಟ್ಟುಕೊಂಡು ನಿಂತಿದ್ದರು, ಎಲ್ಲಿಗೆ ಹೋಗಬೇಕು ಅನ್ನುವುದೂ ಗೊತ್ತಿಲ್ಲದೆ.

ನನ್ನ ಕೈಲಿ ಆಗಲಿಲ್ಲ. ಕೊಳ್ಳುವವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ತೇಪೆ ಕಿತ್ತು ಕಂಬಿ ತೋರಿಸಿದೆ. “ಇದು ನಾನು ಮಾಡಿದ ತಪ್ಪು, ಈಯಮ್ಮಂದಲ್ಲ. ತಗಳ್ಳಂಗಿದ್ರೆ ಗೊತ್ತಿದ್ದು ತಗಳ್ರಿ” ಅಂದೆ. ಅವರು ಟೇಪು ಮಡಚಿಕೊಂಡು ಹೊರಟುಹೋದರು. ಚಿಕ್ಕಬಸಪ್ಪನವರು ಬೈದ ಮಾತುಗಳನ್ನು ಟೀಚರ್ ಒಬ್ಬರಿಗೆ ಬರೆಯಲಾರೆ.

ಜೋಗಮ್ಮನನ್ನು ನಾನು ಬಿಡಿಸುವುದಿಲ್ಲ. ಬಿಡಿಸುವುದಾದರೆ ನನ್ನನ್ನು ಬಿಡಿಸಿ.

ಯತ್ತಪ್ಪ

•

ಮೊಳಕಾಲ್ಮೂರು
4-12-1999

ಯತ್ತಪ್ಪ,

ಬಿಡಿಸಿದ್ದೇನೆ. ಇವತ್ತಿನಿಂದ ನನ್ನ ಮನೆಗೂ ನಿಮಗೂ ಸಂಬಂಧವಿಲ್ಲ. ಕೀಲಿಯನ್ನು ಅದೇ ಕಂಡಕ್ಟರ್ ಕೈಲಿ ಕಳಿಸಿ.

ನೀವು ಸತ್ಯ ಹೇಳಿ ದೊಡ್ಡವರಾದಿರಿ. ಸತ್ಯ ಹೇಳಲು ಕೊಳ್ಳುವವರು ಬಂದು ನಿಲ್ಲುವವರೆಗೂ ಕಾಯಬೇಕಿತ್ತೇ? ಅಕ್ಟೋಬರಿನಲ್ಲಿ ನನಗೆ ಹೇಳಿದ್ದರೆ ಆಗುತ್ತಿರಲಿಲ್ಲವೇ? ಏನೇ ಆದರೂ ನನಗೆ ಮೊದಲು ತಿಳಿಯಬೇಕು ಎಂದು ಬರೆದಿದ್ದೆ. ಒಂದು ತಿಂಗಳು ಒಬ್ಬ ಬಡ ಹೆಂಗಸಿನ ಮೇಲೆ ನನ್ನ ಕೈಯಿಂದ ಅನ್ಯಾಯ ಮಾಡಿಸಿದಿರಿ. ಅದಕ್ಕೇ ನನಗೆ ಹೆಚ್ಚು ಸಿಟ್ಟು.

ಯಾಕೆ ಮಾರಲು ಹೊರಟಿದ್ದೆ ಎಂದು ನೀವು ಕೇಳಲಿಲ್ಲ. ಮಾರ್ಚಿನಲ್ಲಿ ನನಗೆ ನಿವೃತ್ತಿ. ಇಲ್ಲಿ ಮೈದುನನ ಮನೆಯಲ್ಲಿ ಐದು ವರ್ಷದಿಂದ ಇದ್ದೇನೆ. ಸಂಬಳ ಬರುವವರೆಗೆ ಅತ್ತಿಗೆ, ಆಮೇಲೆ ಏನೋ ಗೊತ್ತಿಲ್ಲ. ಆ ಮನೆ ಮಾರಿ ಇಲ್ಲೇ ಸಣ್ಣದೊಂದು ಸ್ವಂತ ಮನೆ ಮಾಡಿಕೊಂಡು ಬೇರೆ ಇರೋಣ ಎಂದಿದ್ದೆ. ಗಿರಾಕಿ ತಂದದ್ದು ಚಿಕ್ಕಬಸಪ್ಪ, ಆದರೆ ಆಸೆ ನನ್ನದು. ಅದನ್ನು ನಿಮ್ಮ ಎರಡು ಗಾಡಿ ಮಣ್ಣು ತಿಂದಿತು.

ಉಚ್ಚಂಗೆಮ್ಮ

•

ಚಳ್ಳಕೆರೆ
11-12-1999

ಟೀಚರಮ್ಮನವರಿಗೆ,

ಕೀಲಿ ಕಳಿಸುವುದಿಲ್ಲ. ಕೆಲಸ ಶುರುವಾಗಿದೆ.

ಅಡುಗೆಮನೆ ಸೂರಿಗೆ ಸರ್ವೆ ಮರದ ಕಂಬ ಕೊಟ್ಟು ನಿಲ್ಲಿಸಿದ್ದೇನೆ, ಯಾರ ತಲೆ ಮೇಲೂ ಏನೂ ಬೀಳುವುದಿಲ್ಲ. ತಾರಸಿಯ ಕರಲು ಕೆರೆದು ಇಳಿಸುತ್ತಿದ್ದೇನೆ. ಅದು ಮುಗಿದ ಮೇಲೆ ಕೆಳಗಿನಿಂದ ಸಡಿಲವಾದ ಸಿಮೆಂಟ್ ಕೆತ್ತಿ, ತುಕ್ಕು ಉಜ್ಜಿ, ಹೊಸ ಕಂಬಿ ಕಟ್ಟಿ ಮತ್ತೆ ಮೆತ್ತುತ್ತೇನೆ. ಎಲ್ಲ ನನ್ನ ಖರ್ಚಿನಲ್ಲಿ. ಪೊಲೀಸರನ್ನು ಕರೆಸುವುದಾದರೆ ಕರೆಸಿ. ಸ್ಟೇಷನ್ನಿನವರು ಬಂದು, ಟೀ ಕುಡಿದು, ಹೇಳಿಕೆ ಬರೆದುಕೊಳ್ಳುವಷ್ಟರಲ್ಲಿ ಎರಡು ಕೋಣೆ ಮುಗಿದಿರುತ್ತದೆ.

ನಿಮ್ಮ ಆಸೆ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಆ ಮನುಷ್ಯನಿಗೆ ಕಂಬಿ ತೋರಿಸುತ್ತಿದ್ದೆ. ಆದರೆ ಅದಕ್ಕಿಂತ ಮೊದಲು ನಿಮ್ಮಲ್ಲಿಗೆ ಬಂದು ಹೇಳುತ್ತಿದ್ದೆ. ಅಕ್ಟೋಬರಿನಲ್ಲಿ ಹೇಳದ್ದು ತಪ್ಪು. ಆಗ ನನ್ನ ಬೋರ್ಡಿಗೆ ಬಣ್ಣ ಹಚ್ಚಿ ನಾಲ್ಕು ತಿಂಗಳಾಗಿತ್ತು, ಅದರ ಮೋಹಕ್ಕೆ ಬಿದ್ದೆ. ಇದಕ್ಕಿಂತ ಹೆಚ್ಚಿನ ಕಾರಣ ಹುಡುಕಿದೆ, ಸಿಗಲಿಲ್ಲ.

ಉಳಿದ ಹತ್ತು ಮನೆಯವರಿಗೂ ಕಾಗದ ಬರೆದು ಅಂಚೆಗೆ ಹಾಕಿದ್ದೇನೆ.

ಯತ್ತಪ್ಪ

•

ಮೊಳಕಾಲ್ಮೂರು
3-1-2000

ಯತ್ತಪ್ಪನವರಿಗೆ,

ಪೊಲೀಸರನ್ನು ಕಳಿಸಲಿಲ್ಲ, ನಾನೇ ಬಂದಿದ್ದೆ. ಭಾನುವಾರ ಮೊದಲ ಬಸ್ಸಿಗೆ ಬಂದೆ, ಯಾರಿಗೂ ಹೇಳಿರಲಿಲ್ಲ. ನೀವು ತಾರಸಿಯ ಮೇಲೆ ಸಲಿಕೆ ಹಿಡಿದು ಯಾರನ್ನೋ ಬೈಯುತ್ತಿದ್ದಿರಿ. ಸುತ್ತ ನೋಡಿದರೆ ಬೇರೆ ಯಾರೂ ಇರಲಿಲ್ಲ, ನಿಮ್ಮನ್ನೇ ಬೈದುಕೊಳ್ಳುತ್ತಿದ್ದಿರಿ ಎಂದು ಆಮೇಲೆ ತಿಳಿಯಿತು. ಕರೆಯಬೇಕು ಅನ್ನಿಸಲಿಲ್ಲ.

ಜೋಗಮ್ಮ ನಾನು ಯಾರೆಂದು ಗೊತ್ತಾಗುತ್ತಲೇ ಎದ್ದು ನಿಂತರು. ನಾನು ಕ್ಷಮೆ ಕೇಳಿದೆ. ಮೂವತ್ತಮೂರು ವರ್ಷ ಮಕ್ಕಳಿಂದ ಕ್ಷಮೆ ಕೇಳಿಸಿದ ಬಾಯಿಗೆ ಅದು ಸುಲಭವಾಗಿರಲಿಲ್ಲ. ಅವರು ಬಿಸಿ ರೊಟ್ಟಿ ಬಡಿದು ಕೊಟ್ಟರು. ನನ್ನ ಅಡುಗೆಮನೆಯಲ್ಲಿ, ಕಂಬಗಳ ನಡುವೆ ಕೂತು ತಿಂದೆ. ಸೂರು ಬಿರಿದಿತ್ತು, ಕಂಬಿ ಕಾಣುತ್ತಿತ್ತು, ಆದರೂ ಅಷ್ಟು ನೆಮ್ಮದಿಯ ಊಟ ಮಾಡಿ ಐದು ವರ್ಷವಾಗಿತ್ತು. ಅಲ್ಲೇ ನಿರ್ಧಾರ ಮಾಡಿದೆ. ಮನೆ ಮಾರುವುದಿಲ್ಲ. ಏಪ್ರಿಲಿನಲ್ಲಿ ನಾನೇ ಅಲ್ಲಿಗೆ ಬರುತ್ತೇನೆ. ಮುಂದಿನ ಎರಡು ಕೋಣೆ ನನಗೆ, ಹಿಂದಿನದು ಜೋಗಮ್ಮ ಮತ್ತು ಮಕ್ಕಳಿಗೆ. ಖಾರ ಕುಟ್ಟುವುದಾದರೆ ಅಂಗಳದಲ್ಲಿ ಕುಟ್ಟಲಿ.

ಚಿಕ್ಕಬಸಪ್ಪನಿಗೆ ಹೇಳಿದಾಗ, “ಬೀಳೋ ಮನ್ಯಾಗೆ ಹೋಗಿ ಕೂಡ್ತೀರಾ ಅತ್ತಿಗೆ? ಜನ ಏನಂತಾರೆ?” ಎಂದ. “ನನ್ನ ಮನೆ ಬೀಳುತ್ತೋ ನಿಲ್ಲುತ್ತೋ ಒಳಗೆ ಕೂತು ನೋಡ್ತೀನಿ” ಎಂದೆ.

ಮನೆಯೊಡತಿ ಮನೆಯಲ್ಲೇ ಇರುವಾಗ ಉಸ್ತುವಾರಿ ಬೇಕಿಲ್ಲ. ಕೆಲಸ ಮುಗಿದ ಮೇಲೆ ಕೀಲಿಯನ್ನು ಜೋಗಮ್ಮನಿಗೆ ಕೊಡಿ. ನಿಮ್ಮನ್ನು ನಾನು ಕ್ಷಮಿಸಿಲ್ಲ, ಕ್ಷಮಿಸಿದ್ದೇನೆ ಎಂದು ಸುಮ್ಮನೆ ಬರೆಯುವುದೂ ಇಲ್ಲ.

ಉಚ್ಚಂಗೆಮ್ಮ

•

ಚಳ್ಳಕೆರೆ
21-1-2000

ಟೀಚರಮ್ಮನವರಿಗೆ ನಮಸ್ಕಾರ.

ಕೆಲಸ ಮುಗಿಯಿತು. ಕೀಲಿ ಜೋಗಮ್ಮನ ಕೈಲಿದೆ. ಅಡುಗೆಮನೆ ಕಂಬಗಳನ್ನು ಮಾತ್ರ ಇನ್ನೊಂದು ವಾರ ತೆಗೆಯಬೇಡಿ ಅಂತ ಹೇಳಿದ್ದೇನೆ.

ಹತ್ತು ಮನೆಯವರಲ್ಲಿ ನಾಲ್ವರು ಬಂದು ಬಾಯಿಗೆ ಬಂದ ಹಾಗೆ ಬೈದರು. ಇಬ್ಬರು ಕೋರ್ಟಿಗೆ ಹೋಗುತ್ತೇವೆ ಅಂದಿದ್ದಾರೆ. ಮೂವರಿಂದ ಉತ್ತರವಿಲ್ಲ. ಒಬ್ಬರು ಮಾತ್ರ, ಬಂದು ಕೆರೆದುಹಾಕು ಅಂದರು. ನಾಳೆ ಅಲ್ಲಿ ಶುರು. ಉಸ್ತುವಾರಿಗೆ ಕೊಟ್ಟಿದ್ದ ಐದರಲ್ಲಿ ಈಗ ಎರಡು ಮನೆ ಉಳಿದಿವೆ. ಇವತ್ತು ಹನುಮಣ್ಣ ತನ್ನ ಸಲಿಕೆ ತಗೊಂಡು ಬಂದ. “ಸೆಂಟ್ರಿಂಗು ನಂದಲ್ವೇನಲೇ, ನಾನೂ ಬರ್ತೀನಿ ನಡಿ” ಅಂದ. ಕೂಲಿ ಎಷ್ಟು ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನೀವು ಕ್ಷಮಿಸದಿದ್ದರೆ ಬೇಡ, ಅದು ನಿಮ್ಮ ಹಕ್ಕು. ಉಸ್ತುವಾರಿ ಬೇಡ ಅಂದಿರಿ, ಅದನ್ನೂ ಒಪ್ಪಿಕೊಂಡೆ. ಆದರೆ ಒಂದು ಮಾತು ಕೇಳಿಸಿಕೊಳ್ಳಿ. ಇನ್ನು ಪ್ರತಿ ವರ್ಷ ಮುಂಗಾರಿಗೆ ಮುಂಚೆ ಆ ತಾರಸಿ ಹತ್ತಿ, ಆ ಸೂರು ತಟ್ಟಿ ನೋಡುವುದು ನನ್ನ ಕೆಲಸ. ನೀವು ಕರೆದರೂ ಬರುತ್ತೇನೆ, ಕರೆಯದಿದ್ದರೂ ಬರುತ್ತೇನೆ. ಗೇಟಿಗೆ ಬೀಗ ಹಾಕಿಕೊಂಡರೆ ಕಾಂಪೌಂಡ್ ಹಾರಿ ಬರುತ್ತೇನೆ. ಅದು ಎಲ್ಲಿ ಎಷ್ಟು ಎತ್ತರವಿದೆ ಅಂತ ನನಗೆ ಗೊತ್ತು, ಕಟ್ಟಿದವನು ನಾನು.

ಯತ್ತಪ್ಪ